ಪೈಪಣ್ಣನ ಹೆಂಡತಿಯ ಕರುಳು

ಬೆಳಗ್ಗೆ ಕೊಳಾಯಿ ರಿಪೇರಿ ಕೆಲಸಕ್ಕೆ ಹೊರಡುವ ಮುನ್ನ ಪೈಪಣ್ಣ ಮನೆಯ ನಲ್ಲಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ, ಕಿವಿಯಿಟ್ಟು ಕೇಳಿ, ಮತ್ತೆ ನಿಲ್ಲಿಸುತ್ತಿದ್ದ. ಜ್ವರ ಬಂದರೂ ಸರಿ, ನೆಂಟರು ಬಚ್ಚಲಲ್ಲಿದ್ದರೂ ಸರಿ (ಆಗ ಬಾಗಿಲಾಚೆ ನಿಂತು "ಒಂಚೂರು ತಿರುಗಿಸಿ, ಕೇಳ್ಕೊಂಡು ಹೋಗ್ತೀನಿ" ಎನ್ನುತ್ತಿದ್ದ), ಈ ನೇಮ ತಪ್ಪಿದ್ದಿಲ್ಲ. ಅದೇ ಹೊತ್ತಿಗೆ ಹೆಂಡತಿ ಒಳಗೆ ಕಣ್ಣುಮುಚ್ಚಿ ಕೈಮುಗಿದು ಕೂತಿರುತ್ತಿದ್ದಳು. ಅವಳ ಪ್ರಾರ್ಥನೆ ದೇವರಿಗೆ, ಇವನದು ಕೊಳಾಯಿಗೆ.

ಲೋಕದಲ್ಲಿ ಏನೇ ಕೆಡಲಿ, ಅವನ ಪ್ರಕಾರ ಕಾರಣ ಎರಡೇ. ಒಂದೋ ಕಟ್ಟಿಕೊಂಡಿದೆ, ಇಲ್ಲವೋ ಸೋರುತ್ತಿದೆ. ಬೀದಿಯವರು ಅವನನ್ನು ಪೈಪಣ್ಣ ಎಂದು ಕರೆದದ್ದು ಸುಮ್ಮನೆ ಅಲ್ಲ.

ಹೀಗಿರುವಾಗ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಗಸು. ಮಿಷನ್ ಮುಂದೆ ಕೂತವಳು ಕೂತಲ್ಲಿ ಕೂರಲಾರದೆ ಎದ್ದೆದ್ದು ಓಡಬೇಕಾಯಿತು. ಭೇದಿ ನಿಲ್ಲದು, ಸಂಜೆಯಾದರೆ ಸಣ್ಣ ಜ್ವರ, ತಾನೇ ಅಳತೆ ತೆಗೆದು ಹೊಲಿದುಕೊಂಡ ಕುಪ್ಪಸ ತನಗೇ ಜೋಲು. ಮಗಳ ಆರೈಕೆಗೆಂದು ಅವಳ ತಾಯಿ ಗಂಟುಮೂಟೆ ಸಮೇತ ಬಂದಿಳಿದರು.

ದೊಡ್ಡಾಸ್ಪತ್ರೆಯ ಕರುಳಿನ ಡಾಕ್ಟರಮ್ಮ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡಿದರು, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ರೋನ್ಸ್ ಕಾಯಿಲೆ ಎಂದು ಗೊತ್ತಾಯಿತು. ಹೆಂಡತಿ ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ರಕ್ತ ಕೊಡುತ್ತಿದ್ದಾಗ ಡಾಕ್ಟರಮ್ಮ ಗಂಡನಿಗೆ ಚಿತ್ರ ಬರೆದು ಎಲ್ಲ ವಿವರಿಸಿದರು. ಆದರೆ ದುರದೃಷ್ಟ! ಅವರ ಬೆನ್ನ ಹಿಂದೆ ಒಂದು ಬೇಸಿನ್, ಅದರ ನಲ್ಲಿಯಿಂದ ತೊಟ್, ತೊಟ್. ವಾಷರ್ ಸವೆದಿದೆಯೋ, ಅದು ಕೂರುವ ಸೀಟೇ ಹೋಗಿದೆಯೋ ಎಂಬ ಘನಚಿಂತನೆಯಲ್ಲಿ ಮುಳುಗಿದ್ದ ಪೈಪಣ್ಣನಿಗೆ ಕೇಳಿಸಿದ್ದು ಇಷ್ಟು: "ಸಣ್ಣ ಕರುಳಿನ ಕೊನೆಯಲ್ಲಿ ದಾರಿ ಕಿರಿದಾಗಿದೆ." ಕೇಳಿಸದೇ ಹೋದದ್ದು: "ಅದಕ್ಕೇ ಸದ್ಯಕ್ಕೆ ಹಸಿ ತರಕಾರಿ, ಸಿಪ್ಪೆ, ಕಾಳು, ತೌಡು ಏನೂ ಕೊಡಬೇಡಿ. ಮೆತ್ತಗಿನ ಊಟ ಕೊಡಿ."

"ಎಲ್ಲಾ ಅರ್ಥ ಆಯ್ತಾ?" ಎಂದು ಕೇಳಿದರು ಡಾಕ್ಟರಮ್ಮ.

"ಕನ್ನಡಿಯಲ್ಲಿ ಕಂಡ ಹಾಗೆ ಅರ್ಥ ಆಯ್ತು ಮೇಡಂ!"

ಮನೆಗೆ ಬರುವಾಗ ಗೋಧಿ ತೌಡು, ಸಿಪ್ಪೆ ಸಮೇತ ಕ್ಯಾರೆಟ್ಟು, ಮುಸುಕಿನ ಜೋಳ ಹೊತ್ತು ತಂದ.

"ಇದೇನು ಅಳಿಯಂದ್ರೇ, ಹಸು ಕಟ್ಟೋ ಯೋಚನೆ ಇದೆಯಾ?" ಎಂದರು ಅತ್ತೆ.

"ನಿಮಗೆ ಗೊತ್ತಾಗಲ್ಲ ಅತ್ತೆ. ಪೈಪ್ ಕಿರಿದಾಗಿದೆ ಅಂದ್ರೆ ಒಳಗೆ ಪಾಚಿ ಕಟ್ಟಿದೆ ಅಂತ. ಒರಟಾಗಿರೋದು ಏನಾದ್ರೂ ಹೋಗಿ ಗಸಗಸ ಉಜ್ಜಬೇಕು."

"ನನ್ನ ಮಗಳ ಹೊಟ್ಟೆ ನಿಮ್ಮ ಚರಂಡಿಯಲ್ಲ."

"ಸಿದ್ಧಾಂತ ಒಂದೇ ಅತ್ತೆ!"

"ರೀ, ಮೇಡಂ ನಿಜವಾಗ್ಲೂ ಹೀಗೇ ಹೇಳಿದ್ರಾ?" ಹೆಂಡತಿ ಸೋತ ದನಿಯಲ್ಲಿ ಕೇಳಿದಳು.

"ಹೇಳಿದ್ದರ ಸಾರಾಂಶ ಇದೇ ಕಣೇ."

ಜಗಳಕ್ಕೆ ತ್ರಾಣವಿಲ್ಲದ ಆ ಹೆಂಗಸು ಒಂದು ಬಟ್ಟಲು ತೌಡು, ಕ್ಯಾರೆಟ್ಟು ತಿಂದಳು. ರುಚಿ ಹೇಗಿದೆ ಎಂದು ಕೇಳಿದ್ದಕ್ಕೆ "ಚಾಪೆ ತಿಂದ ಹಾಗಿದೆ" ಎಂದಳು. ಸಂಜೆಯ ಹೊತ್ತಿಗೆ ಹೊಟ್ಟೆ ಡೋಲಿನಂತೆ ಬಿಗಿದು, ನೋವಿಗೆ ಮುದುಡಿ, ವಾಂತಿ ಮಾಡತೊಡಗಿದಳು. ಪೈಪಣ್ಣನ ಮುಖ ಸುಣ್ಣ ಬಳಿದಂತಾಯಿತು. ಆಟೋದಲ್ಲಿ ಆಸ್ಪತ್ರೆ ಸೇರುವವರೆಗೆ ಅವನು ಕಂಡ ಕಂಡ ದೇವರನ್ನೆಲ್ಲ ಕರೆದ. ಅತ್ತೆ ಅಳಿಯನನ್ನು ಮಾತ್ರ ಕರೆದರು. ಕರೆದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೂಗಿನ ಮೂಲಕ ಕೊಳವೆ ಇಳಿಸಿ, ಕೈಗೆ ಡ್ರಿಪ್ ಹಾಕಿದ ಮೇಲೆ ಅವಳ ನೋವು ತಗ್ಗಿತು. ಡಾಕ್ಟರಮ್ಮ ಪೈಪಣ್ಣನನ್ನು ಕರೆದು, ಈ ಸಲ ಬೇಸಿನ್‌ಗೆ ಬೆನ್ನು ಮಾಡಿ ಕೂರಿಸಿದರು.

"ಪಾಚಿ ಅಲ್ಲಪ್ಪ ಅದು. ಗೋಡೆಯೇ ಊದಿಕೊಂಡಿದೆ. ರೋಗಾಣುಗಳ ಜೊತೆ ಹೊಡೆದಾಡಬೇಕಾದ ಮೈಯ ರಕ್ಷಣಾಪಡೆ ದಾರಿ ತಪ್ಪಿ ಸ್ವಂತ ಕರುಳಿನ ಮೇಲೇ ಬಿದ್ದಿದೆ."

"ಯಾಕ್ ಮೇಡಂ ಬಿತ್ತು? ಊಟದಿಂದ್ಲಾ? ಮಿಷನ್ ತುಳಿದಿದ್ರಿಂದ್ಲಾ?"

"ಎರಡೂ ಅಲ್ಲ. ಹುಟ್ಟಿನಿಂದ ಬಂದ ಗುಣ ಸ್ವಲ್ಪ, ಕರುಳಿನೊಳಗಿನ ಸೂಕ್ಷ್ಮಜೀವಿಗಳ ಪಾಲು ಸ್ವಲ್ಪ. ಖಚಿತವಾಗಿ ಇದೇ ಅಂತ ಯಾರಿಗೂ ಗೊತ್ತಿಲ್ಲ. ಅವರ ತಪ್ಪಂತೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ."

ಕುತೂಹಲ ಕೆರಳಿತೆಂದರೆ ಪೈಪಣ್ಣ ಬಿಡುವ ಆಸಾಮಿಯಲ್ಲ. "ಕೆಟ್ಟ ತುಂಡು ಕತ್ತರಿಸಿ ಎಸೆದು, ಎರಡೂ ಕಡೆ ಕೂಡಿಸಿಬಿಟ್ರೆ?"

"ಔಷಧಿಗೆ ಬಗ್ಗದೇ ಹೋದರೆ ಹಾಗೂ ಮಾಡ್ತೀವಿ. ಆದರೆ ಎಷ್ಟೋ ಸಲ ಕಾಯಿಲೆ ಮತ್ತೆ ಆ ಜಾಯಿಂಟ್ ಹತ್ತಿರಾನೇ ಬರುತ್ತೆ."

"ನಮ್ಮಲ್ಲೂ ಹಾಗೇ ಮೇಡಂ!" ಪೈಪಣ್ಣ ಕುರ್ಚಿಯಿಂದ ಅರ್ಧ ಎದ್ದ. ಡಾಕ್ಟರಮ್ಮ ಅವನನ್ನು ಮತ್ತೆ ಕೂರಿಸಿದರು.

ಮೊದಲು ಸ್ಟೀರಾಯ್ಡ್ ಮಾತ್ರೆ, ಬೆಂಕಿಗೆ ನೀರು ಸುರಿದ ಹಾಗೆ. ಅದನ್ನು ಬಹಳ ಕಾಲ ಕೊಡುವಂತಿಲ್ಲ, ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ, ಮೆಲ್ಲಮೆಲ್ಲಗೆ ಇಳಿಸಬೇಕು. ಆಮೇಲೆ ಆ ರಕ್ಷಣಾಪಡೆಯನ್ನು ತೆಪ್ಪಗೆ ಕೂರಿಸುವ ಔಷಧಿ, ಆಗಾಗ ಆಸ್ಪತ್ರೆಯಲ್ಲೇ ಡ್ರಿಪ್‌ನಲ್ಲಿ. ಪಡೆ ಮೆತ್ತಗಾದ್ದರಿಂದ ಜ್ವರ ಬಂದರೆ ಮನೆಯಲ್ಲಿ ಕೂರದೆ ಓಡಿ ಬರಬೇಕು. ಬೇರುಸಹಿತ ಹೋಗುವ ಕಾಯಿಲೆಯಲ್ಲ, ಆದರೆ ಮಲಗಿಸಿಡಬಹುದು. ಇದನ್ನೆಲ್ಲ ಪೈಪಣ್ಣ ಹೊರಗೆ ಬಂದು ಅತ್ತೆಗೆ ಒಪ್ಪಿಸಿದ. ಅತ್ತೆ ನಂಬದೆ ಒಳಗೆ ಹೋಗಿ ಡಾಕ್ಟರಮ್ಮನನ್ನೇ ಕೇಳಿ ಖಾತ್ರಿ ಮಾಡಿಕೊಂಡು ಬಂದರು.

ಮಾತ್ರೆಗೆ ಹೆಂಡತಿಯ ಕೆನ್ನೆ ಉಬ್ಬಿತು. "ಮೈ ತುಂಬ್ಕೊಂಡಳು" ಎಂದು ಅತ್ತೆ ಹಿಗ್ಗಿದರು. "ಅದು ಮಾತ್ರೆಯ ಊತ ಅಮ್ಮ, ಇಳಿಯುತ್ತೆ" ಎಂದಳು ಮಗಳು. ಡ್ರಿಪ್ ಶುರುವಾಗಿ ಕೆಲವು ತಿಂಗಳಾಗುವಷ್ಟರಲ್ಲಿ ಮಿಷನ್ ಸದ್ದು ಮತ್ತೆ ಎಡೆಬಿಡದೆ ಕೇಳತೊಡಗಿತು. ಆದರೂ ಒಳಗೆ ಗಾಯ ಮಾಗಿದೆಯೋ, ದಾರಿ ತೆರೆದಿದೆಯೋ, ಇಲ್ಲ ಕತ್ತರಿ ಹಾಕಲೇಬೇಕೋ ಎಂದು ತಿಳಿಯಲು ಮತ್ತೊಮ್ಮೆ ಕ್ಯಾಮೆರಾ ಹಾಕಬೇಕಿತ್ತು.

ಪೈಪಣ್ಣ ಡಾಕ್ಟರಮ್ಮನ ಬೆನ್ನು ಬಿದ್ದ. "ಒಂದೇ ಒಂದ್ಸಲ ನಾನೂ ನೋಡ್ತೀನಿ ಮೇಡಂ. ಊರಿನ ಮೋರಿಯೆಲ್ಲಾ ನೋಡಿದ ಕಣ್ಣಿದು, ಹೆದರಲ್ಲ." ಕಾಟ ತಾಳಲಾರದೆ ಅವರು ಒಪ್ಪಿದರು.

ಅವನು ಹಸಿರು ಅಂಗಿ ತೊಟ್ಟು, ಅತ್ತೆಯತ್ತ ವಿಜಯದ ನಗೆ ಬೀರಿ ಒಳಗೆ ನಡೆದ. ಹೆಂಡತಿ ಮಂಪರಿನಲ್ಲಿ ಪಕ್ಕಕ್ಕೆ ತಿರುಗಿ ಮಲಗಿದ್ದಳು. ಅಷ್ಟು ದೊಡ್ಡ ಮಂಚದ ಮೇಲೆ ಎಷ್ಟು ಸಣ್ಣಗೆ ಕಾಣುತ್ತಾಳಲ್ಲ ಎಂದುಕೊಂಡ. ಡಾಕ್ಟರಮ್ಮ ಕರಿಯ ಕೊಳವೆಯನ್ನು ಕೈಗೆತ್ತಿಕೊಂಡರು. ಪರದೆ ಬೆಳಗಿತು. ಅದರ ಮೇಲೆ ತೇವವಾಗಿ, ಕೆಂಪಗೆ, ಉಸಿರಾಡುವಂತೆ ಅಲುಗುವ ಏನೋ ಕಂಡಿತು. ಅದು ಪೈಪಿನಂತೆ ಇರಲೇ ಇಲ್ಲ.

ಆಮೇಲೆ ಅವನಿಗೆ ಕಂಡದ್ದು ಆಸ್ಪತ್ರೆಯ ಸೂರು. ಪಕ್ಕದ ಮಂಚದ ಮೇಲೆ ಅಂಗಾತ ಬಿದ್ದಿದ್ದ. ಹಣೆಯ ಮೇಲೆ ಒದ್ದೆ ಬಟ್ಟೆಯಿತ್ತು, ಅದರ ಮೇಲೆ ಅತ್ತೆಯ ಕೈಯಿತ್ತು.

"ಅವಳು... ಏನಾಯ್ತು?" ಎಂದು ತೊದಲಿದ.

"ಗಾಯ ಮಾಗಿದೆ. ದಾರಿನೂ ತೆರೆದಿದೆ. ಆಪರೇಷನ್ ಬೇಡ, ಔಷಧಿ ಮುಂದುವರಿಸಿದರೆ ಸಾಕು," ಎಂದರು ಡಾಕ್ಟರಮ್ಮ. "ಅವರು ಆಗಲೇ ಎದ್ದು ಕೂತಿದ್ದಾರೆ. ಬಿದ್ದಿರೋದು ನೀವೊಬ್ಬರೇ."

"ಏನ್ರೀ, ಮೋರಿ ನೋಡಿದ ಕಣ್ಣಿಗೆ ಏನಾಯ್ತು?" ಪಕ್ಕದಿಂದ ಹೆಂಡತಿಯ ದನಿ. ನಗುತ್ತಿದ್ದಳು.

ಪೈಪಣ್ಣನ ಕಣ್ಣಂಚಿನಿಂದ ಒಂದು ಹನಿ ಕಿವಿಯತ್ತ ಇಳಿಯಿತು. ಒದ್ದೆ ಬಟ್ಟೆಯದೆಂದು ಎಲ್ಲರೂ ನಂಬಿದಂತೆ ನಟಿಸಿದರು.

"ಹೇಗೂ ಮಲಗಿದ್ದೀರಿ," ಡಾಕ್ಟರಮ್ಮ ಕೈಗವಸು ಸರಿಮಾಡಿಕೊಳ್ಳುತ್ತ ಗಂಭೀರವಾಗಿ ಹೇಳಿದರು, "ನಿಮ್ಮದೂ ಒಂದ್ಸಲ ನೋಡಿಬಿಡಲಾ? ಇಷ್ಟು ಆಸಕ್ತಿ ಇರೋರಿಗೆ ಪುಕ್ಕಟೆ."

ಅಷ್ಟು ಹೊತ್ತು ಕತ್ತೆತ್ತಲಾರದೆ ಬಿದ್ದಿದ್ದ ಪೈಪಣ್ಣ ಒಂದೇ ನೆಗೆತಕ್ಕೆ ಮಂಚದಿಂದ ಇಳಿದು, ಹಸಿರು ಅಂಗಿಯ ಹಿಂಭಾಗವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಬಾಗಿಲವರೆಗೆ ಹಿಂದಕ್ಕೆ ಹಿಂದಕ್ಕೆ ನಡೆದ.

"ಬೇಡ ಮೇಡಂ," ಎಂದ. "ನಿಮಗ್ಯಾಕೆ ಸುಮ್ಮನೆ ತೊಂದ್ರೆ."