ಬೂಟಿನ ಪೆಟ್ಟಿಗೆಯ ಮೂರಂತಸ್ತು

ಎಲ್ಲ ಶುರುವಾದದ್ದು ನಲವತ್ತೆರಡನೇ ಸೈಜಿನ ಬೂಟಿನ ಖಾಲಿ ಪೆಟ್ಟಿಗೆಯಿಂದ.

ಸೆವೆರೊ ತಿಕೋನಾ ಲಾ ಪಾಸ್ ಊರಿನ ಒಂದು ಚಪ್ಪಲಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಿರಾಕಿಗಳ ಕಾಲು ಹಿಡಿಯುತ್ತಿದ್ದ. ಅಲ್ಲಿ ಅವನಿಗೆ ಧಾರಾಳವಾಗಿ ಸಿಗುತ್ತಿದ್ದದ್ದು ಖಾಲಿ ಪೆಟ್ಟಿಗೆಗಳು ಮಾತ್ರ. ಜನವರಿ ಇಪ್ಪತ್ನಾಲ್ಕರ ಬೆಳಿಗ್ಗೆ ಅಂಥದೊಂದನ್ನು ಮೇಜಿನ ಮೇಲೆ ಬೋರಲು ಹಾಕಿ, "ಈ ಸಲ ಮನೆ ಕೊಳ್ಳೋದು ಬೇಡ ಕಣೇ, ನಾನೇ ಮಾಡ್ತೀನಿ," ಎಂದ.

ಅಂದು ಅಲಸೀತಾಸ್ ಹಬ್ಬ. ಅಂಗೈಯಗಲದ ಲಾರಿಯೋ ಬೆರಳುದ್ದದ ಹಸುವೋ, ಬೇಕಾದದ್ದರ ಪುಟ್ಟ ಪ್ರತಿಯನ್ನು ಸಂತೆಯಲ್ಲಿ ಕೊಂಡು, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅದಕ್ಕೆ ಧೂಪದ ಹೊಗೆ ಹಾಕಿಸಬೇಕು. ಮೈತುಂಬ ಮೂಟೆ ಹೊತ್ತ ಮೀಸೆಯ ದೇವರು ಏಕೇಕೊ ವರ್ಷದೊಳಗೆ ಅದರ ದೊಡ್ಡದನ್ನು ಕೊಡುತ್ತಾನೆ. ಸೆವೆರೊನ ಹೆಂಡತಿ ಎಲ್ವೀರಾ ಹನ್ನೊಂದು ವರ್ಷ ಹನ್ನೊಂದು ಗಾರೆಯ ಮನೆ ಕೊಂಡಿದ್ದಳು. ಹನ್ನೊಂದೂ ಕಪಾಟಿನ ಮೇಲೆ ಒಂದು ಬೀದಿಯಂತೆ ಸಾಲಾಗಿ ನಿಂತಿದ್ದವು. ಗಂಡ ಹೆಂಡತಿ ಮಾತ್ರ ಪೆತ್ರೋನಾಳ ವಠಾರದ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು.

"ದೇವರು ನೋಡೋದು ಮನೇನೋ ರಸೀದೀನೋ, ಅದೂ ಗೊತ್ತಾಗ್ಲಿ," ಎಂದ ಸೆವೆರೊ. ಅವನಿಗೆ ನಿಜಕ್ಕೂ ಕುತೂಹಲವಿತ್ತು.

"ಗೊತ್ತು ಮಾಡ್ಕೊಳ್ಳಿ," ಎಂದಳು ಎಲ್ವೀರಾ. "ಈ ವರ್ಷಾನೂ ಮನೆ ಆಗ್ಲಿಲ್ಲ ಅಂದ್ರೆ ತಪ್ಪು ದೇವರದ್ದಲ್ಲ, ನಿಮ್ದು. ನಾನು ಅಕ್ಕನ ಮನೆ ಸೇರ್ಕೋತೀನಿ."

ಸೆವೆರೊ ಕೆಲಸಕ್ಕಿಳಿದ. ಇನ್ನೊಂದು ರಟ್ಟಿನ ಮೇಲ್ಪದರ ಕಿತ್ತರೆ ಒಳಗಿನ ಏಣುಗಳು ತಗಡಿನ ಚಾವಣಿಯ ಹಾಗೇ ಕಂಡವು. ಮಿಠಾಯಿ ಕಾಗದ ಕಿಟಕಿಯ ಗಾಜಾಯಿತು. ಕಪ್ಪು ಮೆಕ್ಕೆಜೋಳ ಬೇಯಿಸಿದ ನೇರಳೆ ನೀರನ್ನು ಗೋಡೆಗೆ ಬಳಿದ. ಗೋಡೆಗೆ ಪೆಟ್ಟು ತಿಂದು ಕಂದಿದ ಮೊಣಕಾಲಿನ ಬಣ್ಣ ಬಂತು. ಅವನಿಗೆ ಬಹಳ ಹಿಡಿಸಿದ್ದು ಬಾಗಿಲು. ಬಟ್ಟೆಯ ತುಂಡಿನ ಕೀಲು, ಅಂಗಿಯ ಗುಂಡಿಯ ಹಿಡಿ. ಹತ್ತು ಸಲ ತೆಗೆದು ಹತ್ತು ಸಲ ಹಾಕಿದ.

ಅಷ್ಟರಲ್ಲಿ ಒಲೆಯ ಮೇಲಿನ ಮೈದಾ ಅಂಟು ತಳ ಹಿಡಿಯಿತು. ವಾಸನೆಯ ಜಾಡು ಹಿಡಿದು ಮನೆಯೊಡತಿ ಪೆತ್ರೋನಾ ಬಂದಳು.

"ಏನ್ರೀ ಸುಡ್ತಿದೀರಾ? ಅಯ್ಯೋ, ಮನೇನಾ! ಮನೇಲಿ ಮಾಡಿದ್ದು ನಡೆಯಲ್ಲ ಸೆವೆರೊ. ಕೊಂಡಿರಬೇಕು, ಇಲ್ಲ ಯಾರಾದ್ರೂ ಕೊಟ್ಟಿರಬೇಕು. ತನಗೆ ತಾನೇ ಮಾಡ್ಕೊಂಡಿದ್ದನ್ನ ಏಕೇಕೊ ನೋಡಿದ್ರೂ ನೋಡ್ದಂಗೆ ಹೋಗ್ತಾನೆ."

ಹೀಗೆಂದವಳು ಹೊರಟುಹೋಗಬೇಕಿತ್ತು. ಹೋಗಲಿಲ್ಲ. "ಮುಂದೆ ಒಂದು ಅಂಗಡಿ ಇದ್ರೆ ಬಾಡಿಗೆ ಬರುತ್ತಲ್ಲ," ಎನ್ನುತ್ತ ತನ್ನ ಅಡುಗೆಮನೆಯಿಂದ ಚಹಾಪುಡಿಯ ಖಾಲಿ ಡಬ್ಬಿ ತಂದು, ಅಂಟಿನಲ್ಲಿ ಅದ್ದಿ, ಮನೆಯ ಮುಂಭಾಗಕ್ಕೆ ಒತ್ತಿ ಹಿಡಿದಳು. ಅವಳು ಒತ್ತಿದ್ದು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ.

ಮಹಡಿಯ ಮೇಲಿದ್ದ ಅನ್ಸೆಲ್ಮೊ ಇಳಿದು ಬಂದ. ನಲವತ್ತು ವರ್ಷ ಗಾರೆ ಕೆಲಸ ಮಾಡಿ ಬಿಟ್ಟವನು, ಮಾತು ಬಿಟ್ಟಿರಲಿಲ್ಲ.

"ಕಂಬ ಎಲ್ಲಯ್ಯಾ? ಬೆಕ್ಕು ಸೀನಿದ್ರೆ ಬೀಳುತ್ತೆ."

ನಾಲ್ಕು ನೂಲಿನ ಉರುಳೆ ತಂದು ನಿಲ್ಲಿಸಿದ. ಕಂಬಗಳನ್ನು ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ಇವು ಇನ್ನೂ ಎರಡು ಅಂತಸ್ತು ತಡೀತವೆ. ಹಾಕಪ್ಪ!" ಎರಡು ಪೆಟ್ಟಿಗೆ ಮೇಲೇರಿದವು. ಮೂಲೆಯಲ್ಲಿ ಮುಖ ಗಂಟು ಹಾಕಿ ಕೂತಿದ್ದ ಎಲ್ವೀರಾಳೇ ಯಾವಾಗಲೋ ಎದ್ದು, ತಾರಸಿಯ ಮೇಲೆ ದಾರ ಕಟ್ಟಿ ಗಂಡನ ಒಂದು ಕಾಲುಚೀಲ ಒಣಹಾಕಿದ್ದಳು.

ಬಾಗಿಲಲ್ಲಿ ರುಫೀನೊ ನಿಂತು ನೋಡುತ್ತಿದ್ದ. ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಪೆತ್ರೋನಾಳ ಅಡುಗೆಮನೆಗೆ ಅಂಟಿಕೊಂಡ, ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿ ಇದ್ದ. ಅವನು ಅಭ್ಯಾಸ ಮಾಡಿದರೆ ಪೆತ್ರೋನಾಳ ಪಾತ್ರೆಗಳು ತಾಳ ಹಾಕುತ್ತಿದ್ದವು.

"ಅಣ್ಣ, ಚೂರುಪಾರು ಉಳಿದ್ರೆ ನಂಗೂ ಒಂದು ಮಾಡ್ಕೊಡು. ಮನೆಯೆಲ್ಲ ಬೇಡ. ಕಿಟಕಿ ಇರೋ ಒಂದು ಕೋಣೆ ಸಾಕು."

ಹೊಸದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಸೆವೆರೊ ಒಂದು ಬೆಂಕಿಪೊಟ್ಟಣಕ್ಕೆ ಕಣ್ಣೆದುರು ಕಂಡದ್ದನ್ನೇ ಮಾಡಿದ: ನೀಲಿ ಬಾಗಿಲು, ಬೀದಿ ಕಡೆಗೊಂದು ಕಿಟಕಿ. ಐದು ನಿಮಿಷ. "ತಗೋ, ಪುಕ್ಕಟೆ," ಎಂದ.

ಹನ್ನೊಂದೂವರೆಗೆ ಮೆರವಣಿಗೆ ಹೊರಟಿತು. ಮಿನಿಬಸ್ಸಿನ ಚಾಲಕ ಕತ್ತು ಹೊರಹಾಕಿ, "ಒಂದೊಂದು ಅಂತಸ್ತಿಗೂ ಬೇರೆ ಬೇರೆ ಟಿಕೆಟ್ಟು," ಎಂದು ನಕ್ಕು ಹೊರಟೇಹೋದ. ಇಳಿಜಾರಿನಲ್ಲಿ ನಾಲ್ವರೂ ಮನೆ ಹೊತ್ತು ಓಡಿದರು. ದಾರಿ ಬಿಡಿಸಲು ರುಫೀನೊ ಮುಂದೆ ತುತ್ತೂರಿ ಊದುತ್ತಿದ್ದ.

"ಬಾಡಿಗೆಗೆ ಇದೆಯೇನ್ರೋ?" ಎಂದು ಸಂತೆಯಲ್ಲಿ ಯಾರೋ ಕೂಗಿದರು.

"ಅಂಗಡಿ ಮಾತ್ರ!" ಎಂದಳು ಪೆತ್ರೋನಾ.

ಗಂಟೆ ಹನ್ನೆರಡು ಬಾರಿಸುವುದಕ್ಕೂ ಅವರು ಹೊಗೆ ಹಾಕುವ ಮುದುಕನ ಮುಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಮುದುಕ ಧೂಪ ತಿರುಗಿಸಿದ, ಹೂವಿನೆಸಳು ಎರಚಿದ, ದ್ರಾಕ್ಷಾರಸ ಚಿಮುಕಿಸಿದ. ಅಂಟು ನೆನೆದು ಮೂರನೇ ಅಂತಸ್ತು ಮದುವೆ ಊಟ ಮುಗಿಸಿ ಬಂದವನಂತೆ ವಾಲಿತು. ಬೀಳಲಿಲ್ಲ. ರುಫೀನೊನ ಬೆಂಕಿಪೊಟ್ಟಣಕ್ಕೆ ಒಂದೇ ಸುತ್ತು ಹೊಗೆ ಸಾಕಾಯಿತು.

ಮೂರು ಗಂಟೆಗೆ ಸೆವೆರೊ ಕಪಾಟಿನ ಮೇಲೆ ಮನೆಗೆ ಜಾಗ ಮಾಡುತ್ತಿದ್ದಾಗ ಪೆತ್ರೋನಾ ಬಂದಳು. ಹಿಂದೆ ರುಫೀನೊ, ತಲೆಯ ಮೇಲೆ ಹಾಸಿಗೆ, ಕೊರಳಲ್ಲಿ ತುತ್ತೂರಿ.

"ಯಾವಾಗ ಖಾಲಿ ಮಾಡ್ತೀರಿ?"

"ಏನನ್ನ?"

"ಕೋಣೇನ. ನಿಮ್ಮ ಮನೆಗೆ ಹನ್ನೆರಡಕ್ಕೆ ಸರಿಯಾಗಿ ಹೊಗೆ ಬಿತ್ತು, ಕಣ್ಣಾರೆ ನೋಡ್ದೆ. ಹೇಗೂ ಹೋಗೋರು ನೀವು. ಇವನು ಕೇಳ್ದ, ಕೊಟ್ಬಿಟ್ಟೆ. ನನ್ನ ಪಾತ್ರೆಗಳೂ ಬದುಕ್ಕೋತವೆ."

"ತಾನೇ ಮಾಡ್ಕೊಂಡಿದ್ದು ನಡೆಯಲ್ಲ ಅಂದ್ರಲ್ಲ ನೀವೇ!"

"ಅದಕ್ಕೇ ಅಲ್ವೇನ್ರೀ ನಾವೆಲ್ಲ ಕೈ ಹಾಕಿದ್ದು? ಅಂಗಡಿ ನಾನು ಕೊಟ್ಟಿದ್ದು. ಕಂಬ ಅನ್ಸೆಲ್ಮೊ ಕೊಟ್ಟಿದ್ದು. ಇನ್ನೇನು ಬೇಕು ದೇವರಿಗೆ? ಮನೆ ಬರೋವರೆಗೂ ಮೆಟ್ಟಿಲ ಕೆಳಗೆ ಇರಿ, ಅದೀಗ ಖಾಲಿ."

ರುಫೀನೊ ಬೆಂಕಿಪೊಟ್ಟಣವನ್ನು ಕೋಣೆಯ ನೀಲಿ ಬಾಗಿಲ ಪಕ್ಕ ಹಿಡಿದು ನೋಡಿದ. ಒಂದೇ ನೀಲಿ. "ನಿನ್ನ ಕೈಗುಣ ಅಂದ್ರೆ ಕೈಗುಣ ಅಣ್ಣ! ಮೂರೇ ಗಂಟೇಲಿ ಆಗೋಯ್ತು!"

ದೇವರು ರಸೀದಿ ಕೇಳುವುದಿಲ್ಲ ಎಂಬುದು ಸೆವೆರೊನಿಗೆ ಗೊತ್ತಾಯಿತು. ಎಲ್ವೀರಾ ಬಟ್ಟೆಗಂಟು ಕಟ್ಟತೊಡಗಿದ್ದಳು. ಅದು ಮೆಟ್ಟಿಲ ಕೆಳಗಿನ ಗೂಡಿಗೋ ಅಕ್ಕನ ಮನೆಗೋ ಕೇಳುವ ಧೈರ್ಯ ಅವನಿಗಾಗಲಿಲ್ಲ. ಗಂಟು ಕಟ್ಟಿ ಮುಗಿಸಿ ಅವಳು ಮೂರಂತಸ್ತಿನ ಮನೆಯನ್ನು ಎತ್ತಿಕೊಂಡಳು. ಒಮ್ಮೆ ಸುತ್ತ ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು.

"ರೀ, ಇದಕ್ಕೆ ಬಾಗಿಲೆಲ್ಲಿ?"

ಸೆವೆರೊ ನೋಡಿದ. ಅಂಗಿಯ ಗುಂಡಿಯ ಹಿಡಿ ಹಾಕಿ ಹತ್ತು ಸಲ ತೆಗೆದು ಹಾಕಿದ್ದ ಬಾಗಿಲಿನ ಮೇಲೆಯೇ ಚಹಾಪುಡಿಯ ಡಬ್ಬಿ ಕಲ್ಲಿನಂತೆ ಕಚ್ಚಿ ಕೂತಿತ್ತು. ಅವನು ಅದನ್ನು ಕೀಳಲು ಕೈ ಹಾಕಿದ.

"ಏಯ್, ಅಂಗಡಿ ಮುಟ್ಬೇಡಿ," ಎಂದಳು ಪೆತ್ರೋನಾ. "ಅದು ನಂದು."