ಗಾಜಿನ ತೊಟ್ಟಿಗೆ ಬಂದ ನೀರುಗಂಟಿ

ಈ ವಿಷಯವನ್ನು ಹೇಳಬೇಕು, ಹೇಳಬೇಕು ಅಂದುಕೊಂಡೇ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಯುಗಾದಿ ಆಗಲಿ ಎಂದೆ, ಆಯಿತು. ಮಳೆ ಬೀಳಲಿ ಎಂದೆ, ನಮ್ಮ ಮಧುಗಿರಿಗೂ ನಾಲ್ಕು ಹನಿ ಬಿತ್ತು. ಕಣ್ಣಿನ ಆಪರೇಷನ್ ಮುಗಿಯಲಿ, ಚೆನ್ನಾಗಿ ಕಂಡಮೇಲೆ ಬರೆಯೋಣ ಎಂದೆ. ಅದೂ ಮುಗಿದು, ಈಗ ನನ್ನ ತಪ್ಪು ಸಮೇತ ಎಲ್ಲವೂ ಚೆನ್ನಾಗಿ ಕಾಣುತ್ತಿದೆ. ತಪ್ಪು ಒಪ್ಪಿಕೊಳ್ಳುವುದಕ್ಕೆ ಪಂಚಾಂಗದಲ್ಲಿ ಮುಹೂರ್ತ ಬರೆದಿರುವುದಿಲ್ಲ. ನನ್ನಂಥವರಿಗೆ ಅದೊಂದು ಅನುಕೂಲ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸೇರಿದ್ದು ಬೀದಿಬೀದಿಗೆ ನೀರು ಬಿಡುವ ಕೆಲಸಕ್ಕೆ. ಕಾಗದದಲ್ಲಿ ವಾಲ್ವ್‌ಮನ್, ಜನರ ಬಾಯಲ್ಲಿ ನೀರುಗಂಟಿ. ಆಳೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲಿಗೆ ಹಾಕಿ ಬೀದಿಗಿಳಿದರೆ ಮನೆಮನೆಯಿಂದ ನಮಸ್ಕಾರ. ನೀರು ಬಂದ ದಿನ ‘ಅಣ್ಣಾ’, ಬಾರದ ದಿನ ನಮ್ಮವ್ವನನ್ನೂ ಸೇರಿಸಿಕೊಂಡು ಬೇರೆ ಸಂಬೋಧನೆ. ನಿವೃತ್ತಿಯಾದ ಮೇಲೆ ಎರಡೂ ನಿಂತವು. ನಿಜ ಹೇಳಬೇಕೆಂದರೆ, ಬೈಗುಳ ನಿಂತದ್ದೇ ಹೆಚ್ಚು ಬೇಜಾರು.

ಹೀಗೆ ಕೈ ಖಾಲಿಯಾಗಿ ಕೂತಿದ್ದವನ ಮನೆಗೆ ಮೀನಿನ ತೊಟ್ಟಿ ಬಂತು. ಶಿರಾದಲ್ಲಿರುವ ಮಗಳ ಮಗಳು ಹಾಸ್ಟೆಲ್ಲಿಗೆ ಹೊರಡುವಾಗ, “ತಾತಾ, ನೀರಿನ ವಿಷಯ ನಿಂಗೆ ಬಿಟ್ರೆ ಯಾರಿಗ್ ಗೊತ್ತು? ದಸರಾ ರಜಕ್ಕೆ ಬರೋವರ್ಗೂ ನೋಡ್ಕೋ” ಎಂದು ಎರಡು ಗೋಲ್ಡ್‌ಫಿಶ್ ಸಮೇತ ಒಪ್ಪಿಸಿ ಹೋದಳು. ಹೆಸರೂ ಅವಳೇ ಇಟ್ಟಿದ್ದು: ಲಡ್ಡು, ಜಿಲೇಬಿ. ತೊಟ್ಟಿಯ ಒಂದು ಮೂಲೆಯಲ್ಲಿ ನೀರನ್ನು ಸೋಸಿ ಮತ್ತೆ ಹೊರಗೆ ತಳ್ಳುವ ಪುಟ್ಟ ಪಂಪು, ಇನ್ನೊಂದು ಮೂಲೆಯಲ್ಲಿ ಗುಳ್ಳೆ ಬಿಡುವ ಕಲ್ಲು. ಕಲ್ಲಿಗೆ ಗಾಳಿ ಹೋಗುವ ಕೊಳವೆಯ ನಡುವೆ ಮೆಣಸಿನಕಾಯಿ ತೊಟ್ಟಿನಷ್ಟು ಒಂದು ವಾಲ್ವು! ಅದನ್ನು ಕಂಡ ಕೂಡಲೇ ನನ್ನ ಬಲಗೈ ತಾನಾಗಿಯೇ ಮುಂದೆ ಹೋಯಿತು. ಸರ್ವಿಸ್ಸಿನಲ್ಲಿ ಇಷ್ಟು ಸಲೀಸಾಗಿ ತಿರುಗಿದ ವಾಲ್ವನ್ನು ನಾನು ನೋಡಿರಲಿಲ್ಲ.

ಎಡವಿದ್ದು ಇಲ್ಲೇ. ನೀರು ಬಿಡುವವನಿಗೆ ಗುಳ್ಳೆ ಎಂದರೆ ಶತ್ರು. ಪೈಪಿಗೆ ಗಾಳಿ ಸೇರಿದರೆ ನಲ್ಲಿ ಬುಸ್ಸೆನ್ನುತ್ತದೆಯೇ ಹೊರತು ನೀರು ಬರುವುದಿಲ್ಲ. ಇಡೀ ಸರ್ವಿಸ್ಸು ಗಾಳಿ ತೆಗೆದು ತೆಗೆದು ಸವೆದವನ ಕಣ್ಣೆದುರಿಗೇ ಕರೆಂಟು ಸುಟ್ಟು ನೀರಿಗೆ ಗಾಳಿ ತುಂಬುವುದೆಂದರೇನು? ತಿರುಗಿಸಿ ತಿರುಗಿಸಿ, ಗುಳ್ಳೆಯನ್ನು ಜಪಮಣಿಯಂತೆ ಒಂದೊಂದಾಗಿ ಏಳುವ ಹಾಗೆ ಮಾಡಿದೆ. ಪಂಪನ್ನೂ ಹಳೆಯ ಅಭ್ಯಾಸದಂತೆ ಸರದಿಗೆ ಹಾಕಿದೆ. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ನಮ್ಮೂರಲ್ಲಿ ಇಡೀ ದಿನ ನೀರು ಕಂಡವರು ಯಾರಿದ್ದಾರೆ, ಮೀನಿಗೆ ಮಾತ್ರ ಯಾಕೆ?

ಮಾರನೆಯ ದಿನದಿಂದ ನಾನು ಹತ್ತಿರ ಹೋದಾಗಲೆಲ್ಲ ಎರಡೂ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. “ಲೇ, ಇಲ್ ನೋಡೇ, ಲಡ್ಡು ನನ್ನ ಗುರುತು ಹಿಡೀತು” ಎಂದು ಹೆಂಡತಿಯನ್ನು ಕರೆದೆ. ಅವಳ ತವರು ಪಾವಗಡದ ಕಡೆ. ಸಿಟ್ಟು ಬಂದರೆ ಮೊದಲು ಇಳಿಯುವುದು ತೆಲುಗು.

“ಏಮಯ್ಯಾ, ಗುರ್ತಲ್ಲ ಅದು, ಉಸ್ರು! ಉಸ್ರು ಕಟ್ಟೈತೆ ಅವಕ್ಕೆ. ಐ.ಡಿ.ಹಳ್ಳಿ ಬಸ್ಸಲ್ಲಿ ಕಿಟಕಿಗೆ ಬಾಯಿಟ್ಕೊಂಡು ಕುಂತವ್ರಂಗೆ ಕಾಣಾಕಿಲ್ವಾ ನಿಂಗೆ?”

ಗಾಬರಿಯಾಗಿ ಎಲ್ಲವನ್ನೂ ಪೂರ್ತಿ ತೆರೆದುಬಿಟ್ಟೆ. ತೊಟ್ಟಿಯಲ್ಲಿ ಜಯಮಂಗಲಿ ಹೊಳೆ ತುಂಬಿ ಬಂದಂತಾಯಿತು. ಲಡ್ಡು ಗಾಜಿಗೆ ಅಂಟಿಕೊಂಡು ಬಾಲ ಬಡಿಯಿತು. ಜಿಲೇಬಿ ಸೆಳೆತಕ್ಕೆ ಉರುಳಾಡಿ, ಕಡೆಗೆ ಪ್ಲಾಸ್ಟಿಕ್ ಕೋಟೆಯ ಹಿಂದೆ ಮಗ್ಗುಲಾಗಿ ಬಿದ್ದುಕೊಂಡಿತು. ಅದೇ ಹೊತ್ತಿಗೆ ಮೊಮ್ಮಗಳ ವಿಡಿಯೋ ಕಾಲ್: “ತಾತಾ, ಜಿಲೇಬಿ ತೋರ್ಸು.” “ಮಲಗೈತೆ ಕಣಮ್ಮ” ಎಂದೆ. ಅದು ಪೂರಾ ಸುಳ್ಳೂ ಅಲ್ಲವಲ್ಲ.

ನನ್ನವಳು ಒಳಗೆ ಹೋದಳು. ಹಳೆಯ ಸೀರೆಯ ಒಂದು ಚೂರು ಹರಿದು ತಂದು, ಹಿತ್ತಿಲ ನಲ್ಲಿಯ ಮೂತಿಗೆ ಕಟ್ಟುವಂತೆಯೇ ಪಂಪಿನ ಬಾಯಿಗೆ ಕಟ್ಟಿದಳು. ಅದನ್ನು ಗಾಜಿನ ಗೋಡೆಯ ಕಡೆಗೆ ತಿರುಗಿಸಿದಳು. ಗಾಳಿಯ ವಾಲ್ವನ್ನು ಎರಡೇ ಬೆರಳಲ್ಲಿ ಅರ್ಧಕ್ಕೆ ತಂದಳು. ರಭಸದ ನೀರು ಗೋಡೆಯನ್ನು ಸವರಿಕೊಂಡು ಮೆಲ್ಲಗೆ ಹರಡಿತು. ಗುಳ್ಳೆಗಳು ಪೋಣಿಸಿದಂತೆ ಮೇಲಕ್ಕೆ ಹೋದವು.

“ಇನ್ನ ಬುಡು. ಮುಟ್ಬ್ಯಾಡ.”

ಇಬ್ಬರೂ ತೊಟ್ಟಿಯ ಮುಂದೆ ಕೂತೆವು. ಬೆಟ್ಟದ ನೆರಳು ನಮ್ಮ ಬೀದಿಗೆ ಇಳಿಯುವ ಹೊತ್ತಿಗೆ ಜಿಲೇಬಿ ಒಮ್ಮೆ ಬಾಲ ಒದರಿತು. ಆಮೇಲೆ ಎದ್ದು, ಏನೂ ಆಗಿಲ್ಲವೆಂಬಂತೆ ಲಡ್ಡುವಿನ ಹಿಂದೆ ಹೊರಟಿತು.

“ಯಾರೇ ಹೇಳ್ಕೊಟ್ರು ನಿಂಗೆ?” ಎಂದೆ.

“ನಲ್ಲಿ ಮುಂದೆ ಕುಂತು ಕುಂತು ಬಂತು. ನಿನ್ ನೀರು ಬಂದ್ರೆ ಕೊಡ ಒಡ್ಯಂಗೆ, ಇಲ್ದಿದ್ರೆ ಇರುವೆ ಉಚ್ಚೆ ಹೊಯ್ದಂಗೆ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಯಾಕೆಂದು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಟೀ ಅಂಗಡಿಯಲ್ಲಿ ಯಾರೋ, “ನೀರುಗಂಟಿ ಬೀದೀಗೆ ಮಾತ್ರ ನೀರು ಜೋರು ಕಣ್ಲಾ” ಎಂದರು. ಅದು ನಿಜವೇನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ನಮ್ಮ ಬೀದಿಯ ವಾಲ್ವನ್ನು ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ಸರದಿಯಲ್ಲೂ ಕೊನೆಗೆ ಹಾಕಿದೆ. ಬೇರೆ ಬೀದಿಗಳನ್ನು ಮುಚ್ಚಿದ ಕೂಡಲೇ ಒಂದು ಗಳಿಗೆ ನುಗ್ಗುತ್ತಿತ್ತು, ಆಮೇಲೆ ಬರೀ ತೊಟತೊಟ. “ಹೆಂಡ್ತಿಗೂ ಒಂದು ಚೊಂಬು ಹೆಚ್ಗೆ ಬುಡಾಕಿಲ್ಲ, ಅಂಥಾ ಮನ್ಸ” ಎಂದು ಊರು ಹೊಗಳಿತು. ಹೊಗಳಿಕೆ ನನಗೆ, ಕೊಡ ಅವಳಿಗೆ. ಮಗಳು ಹೊಟ್ಟೆಯಲ್ಲಿದ್ದಾಗಲೂ ಏರಿನ ಮೇಲಿನ ಬೋರ್‌ವೆಲ್ಲಿಂದ ಹೊತ್ತಳು. ಬೀದಿಯ ಹೆಂಗಸರು ನನ್ನನ್ನು ಬೈಯಲಾರದೆ ಅವಳನ್ನು ಬೈದರು. ನನ್ನ ಪ್ರಾಮಾಣಿಕತೆಯನ್ನು ಅಷ್ಟು ವರ್ಷ ಹೊತ್ತದ್ದು ಅವಳ ಸೊಂಟ. ಈಗ ಅವಳು ಗೋಡೆ ಹಿಡಿಯದೆ ಏಳಲಾರಳು. ಬಂದವರ ಮುಂದೆ ‘ವಯಸ್ಸಾಯ್ತು’ ಎನ್ನುತ್ತೇನೆ.

ಅವತ್ತು ತೊಟ್ಟಿಯ ಮುಂದೆ ಇದನ್ನು ಹೇಳಿಬಿಡೋಣ ಎಂದು ನಾನೂ ಲಡ್ಡುವಿನ ಹಾಗೆ ಬಾಯಿ ತೆರೆದೆ, ಮುಚ್ಚಿದೆ, ತೆರೆದೆ. ಹೊರಗೆ ಬಂದದ್ದು, “ಲೇ, ಕಾಫಿ ಐತಾ?”

“ಮೀನ್ಗೆ ಹೆಸ್ರು ಹಿಡ್ದು ಕರೀತೀಯ. ನಂಗೆ ಮದ್ವೆ ಆದಾಗ್ನಿಂದ ‘ಲೇ’ನೇ. ಇರು, ಕಾಸ್ತೀನಿ” ಎಂದು ಗೋಡೆ ಹಿಡಿದು ಎದ್ದಳು.

ದಸರೆಗೆ ಮೊಮ್ಮಗಳು ಬಂದಳು. ಮೀನುಗಳು ದುಂಡಗಾಗಿದ್ದವು. ಪಂಪಿನ ಬಾಯಿಯ ಸೀರೆಚೂರು ಕಂಡು, “ಸೂಪರ್ ಐಡಿಯಾ ತಾತಾ! ನೀನೇ ಮಾಡಿದ್ದಾ?” ಎಂದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು “ಹೂಂ” ಅಂದುಬಿಟ್ಟೆ. ಕ್ಷಣ ಬಿಟ್ಟು ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ಹೀಗೆ, ಕೇಳಬೇಕಾಗಿದ್ದ ಒಂದು ಕ್ಷಮೆ ಎರಡಾಗಿ ಕೂತಿದೆ. ಬಾಯಿಯ ವಾಲ್ವಿಗೆ ತುಕ್ಕು ಹಿಡಿದಿರುವುದರಿಂದ ಕೈಯಲ್ಲಿ ಬರೆಯುತ್ತಿದ್ದೇನೆ. ಅವಳು ಓದಬಲ್ಲವಳು. ಓದಿದರೆ, “ಯಾರ್ನ ಕುರ್ತು ಬರ್ದಿದ್ದೀಯ, ಹೆಸ್ರೇ ಇಲ್ವಲ್ಲ” ಎಂದು ಕೇಳಿಯೇ ಕೇಳುತ್ತಾಳೆ. ಆ ಬಟ್ಟೆ ಕಟ್ಟಿದ್ದು ನಾನಲ್ಲ. ಆ ಕೊಡಗಳನ್ನು ಹೊತ್ತದ್ದೂ ನಾನಲ್ಲ. ಸಿದ್ದಗಂಗಮ್ಮ.