ಸಂಕದ ಯಜಮಾನರು

ಓದುಗ ಮಹಾಶಯರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಸೋದರಮಾವ ಕೈಹಿಡಿದದ್ದು ಅತ್ತೆಯನ್ನಾದರೂ ಸಂಸಾರ ನಡೆಸಿದ್ದು ಒಂದು ಕಲ್ಲಿನ ಸೇತುವೆಯೊಡನೆ.

ನಮ್ಮ ಮನೆಯ ಕೆಳಗಿನ ಸಣ್ಣ ಹೊಳೆಗೆ ಹಿಂದಿನ ಅರಸರ ಕಾಲದಲ್ಲಿ ಕಟ್ಟಿದ ಆ ಸಂಕದ ಬಳಿ ಸರಕಾರದವರು ‘ಸಂರಕ್ಷಿತ’ ಎಂಬ ಫಲಕ ನೆಟ್ಟರು. ಸಂರಕ್ಷಿಸುವವರು ಯಾರೆಂದು ಅದರಲ್ಲಿ ಬರೆದಿರಲಿಲ್ಲ. ಕಚೇರಿಯಿಂದ ನಿವೃತ್ತರಾಗಿದ್ದ ಮಾವ ಅದನ್ನು ತಮಗೇ ಬಂದ ಹುಕುಂ ಎಂದು ಭಾವಿಸಿದರು. ಇನ್ನೊಂದು ಕಲ್ಲು ಕದಲಿದರೆ ಸಂಕವನ್ನೇ ಕೆಡವಿ ಮೋಟಾರು ರಸ್ತೆ ಮಾಡಿಸುವುದಾಗಿ ಇಂಜಿನಿಯರ್ ಸಾಹೇಬರು ಹೇಳಿದ್ದರು.

“ನಾನಿರುವ ತನಕ ಕದಲಲಿಕ್ಕಿಲ್ಲ,” ಎಂದರು ಮಾವ.

ಅಂದಿನಿಂದ ಹಂಚಿನ ಗಾಡಿಗಳಿಗೆ ಗ್ರಹಚಾರ ಹಿಡಿಯಿತು. ಅರ್ಧ ಹಂಚು ಇಳಿಸಿ, ತಲೆಯ ಮೇಲೆ ಹೊತ್ತು ದಾಟಿಸಿದ ಮೇಲೆಯೇ ಗಾಡಿ ಮುಂದುವರಿಯತಕ್ಕದ್ದು!

“ಎಂತ ಮಾರಾಯ್ರೇ, ಈ ಸಂಕದಲ್ಲಿ ಆನೆ ಹೋಗ್ತಿತ್ತಂತೆ,” ಎಂದು ಮುದಿ ಗಾಡಿಯವನೊಬ್ಬ ದಿನವೂ ವಾದಿಸುತ್ತಿದ್ದ.

“ಹೋದ ಆನೆ ವಾಪಸ್ ಬಂದದ್ದುಂಟಾ? ಇಳಿಸು.”

ನನ್ನ ಅಕ್ಕನ ಮದುವೆಯ ದಿಬ್ಬಣಕ್ಕೂ ರಿಯಾಯಿತಿ ದೊರೆಯಲಿಲ್ಲ. ಹತ್ತು ಹತ್ತು ಜನರಂತೆ ದಾಟಿಸಿದರು. ಪರಿಣಾಮವಾಗಿ ಮುಹೂರ್ತ ಈಚೆ ದಡದಲ್ಲಿ ನಡೆಯಿತು, ವಾದ್ಯ ಆಚೆ ದಡದಲ್ಲಿ.

ಸಂಕದ ಬಿರುಕಿನಲ್ಲಿ ಅಶ್ವತ್ಥದ ಸಸಿ ಹುಟ್ಟಿದರೆ ಬೇರು ಕಲ್ಲನ್ನು ಸೀಳುತ್ತದೆ. ಕಿತ್ತೆಸೆಯೋಣವೆಂದರೆ ದೇವರ ಮರ. ಮಾವ ಉಭಯಪಕ್ಷಕ್ಕೂ ನ್ಯಾಯ ಒದಗಿಸಿದರು: ಬೇರುಸಹಿತ ಕಿತ್ತು ತಂದು ನಮ್ಮ ಹಿತ್ತಿಲಿನಲ್ಲಿ ನೆಟ್ಟರು. ಏಳನೆಯದನ್ನು ನೆಡುವಾಗ ಅಮ್ಮ ಕೇಳಿದರು:

“ಅಣ್ಣ, ಸಂಕ ಉಳಿಯಿತು. ಇನ್ನು ಮನೆಗೆ ಎಂತ ಗತಿ?”

“ಮನೆಗೆ ಫಲಕ ಉಂಟಾ?”

ಮುಂದಿನ ಮಳೆಗಾಲದಲ್ಲಿ ಮಾವ ಹಾಸಿಗೆ ಹಿಡಿದರು. ಸಂಕ ಹೇಗುಂಟೆಂದು ಗಳಿಗೆಗೊಮ್ಮೆ ಕೇಳುವರು. ಚೆನ್ನಾಗುಂಟೆಂದು ನಾವು ಹೇಳಿದರೆ ನಂಬರು. ನಮ್ಮದು ಮನೆಯವರ ಸಾಕ್ಷಿಯಾದ್ದರಿಂದ ಅದು ಊರ್ಜಿತವಲ್ಲವಂತೆ. ಎದ್ದು ಹೋಗಲು ಯತ್ನಿಸಿ ಎರಡು ಸಲ ಬಿದ್ದರು.

ಒಂದು ಸಂಜೆ ಅದೇ ಮುದಿ ಗಾಡಿಯವನು ಮಳೆಯಲ್ಲಿ ನೆನೆದುಕೊಂಡು ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಅಶ್ವತ್ಥದ ಸಸಿ. ಒಂದು ಬೇರೂ ಹರಿದಿರಲಿಲ್ಲ.

“ನಡು ಕಮಾನಿನಲ್ಲಿ ಬಂದಿತ್ತು. ಎಲ್ಲಿ ನೆಡುವುದು?”

ಮಾವ ಕಣ್ಣು ತೆರೆದರು. “ಹಂಚು ಇಳಿಸಿದ್ದೆಯಾ?”

“ಅರ್ಧ ಇಳಿಸಿದ್ದೆ.”

“ನೋಡುವವರು ಯಾರಿದ್ದರು?”

“ಯಾರೂ ಇರ್ಲಿಲ್ಲ.”



“ಬಾವಿಯ ಹತ್ತಿರ ಜಾಗ ಉಂಟು,” ಎಂದು ಹೇಳಿ ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಅವರು ಸಂಕದ ಸಂಗತಿ ಕೇಳಲಿಲ್ಲ.